ಸಣ್ಣ ಕೈಗಾರಿಕಾ ಸಂಘದ ಸಹಾಯ ಕೇಂದ್ರಕ್ಕೆ ರಾಜ್ಯ ಸರ್ಕಾರದ ಹಣ: ಯಾವ ಬಾಬಿನಲ್ಲಿ ಕೇಳಬೇಕು?

ಶೆಡ್‌ನಂಬರ್14 (ಪ್ರಶ್ನೆ)

ನಮ್ಮದು ಜಿಲ್ಲಾ ಕೇಂದ್ರದ ಕೆಎಸ್‌ಎಸ್‌ಐಡಿಸಿ (ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ) ಕೈಗಾರಿಕಾ ವಸಾಹತಿನ ಮಾಲೀಕರ ಸಂಘ. 62 ಘಟಕಗಳಿವೆ. ಹೆಚ್ಚಿನವು ಫ್ಯಾಬ್ರಿಕೇಶನ್ ಮತ್ತು ಮೆಷಿನ್ ಶಾಪ್, ಎರಡು ಫೌಂಡ್ರಿ, ಉಳಿದವು ಹಿಟ್ಟು, ಮಸಾಲೆ, ಪ್ಯಾಕಿಂಗ್. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಚಂದಾ ವರ್ಷಕ್ಕೆ ತಲಾ 2,400 ರೂಪಾಯಿ. ಎಲ್ಲರೂ ಕಟ್ಟಿದರೂ 1,48,800 ಆಗುತ್ತದೆ, ಅದು ಕಾವಲುಗಾರ ಮತ್ತು ಬೀದಿದೀಪಕ್ಕೇ ಸರಿಹೋಗುತ್ತದೆ.

ಸಂಘದಲ್ಲಿ ಒಂದು ಕಾಯಂ ಸಹಾಯ ಕೇಂದ್ರ ತೆರೆಯಬೇಕೆಂದಿದ್ದೇವೆ. ಬಾಕಿ ಬಿಲ್ ವಸೂಲಿಗೆ ಅರ್ಜಿ ಹಾಕಿಸುವುದು, ಡಿಐಸಿ (ಜಿಲ್ಲಾ ಕೈಗಾರಿಕಾ ಕೇಂದ್ರ) ಮತ್ತು ಏಕಗವಾಕ್ಷಿಯಲ್ಲಿ (ಎಲ್ಲ ಅನುಮತಿ ಒಂದೇ ಕಡೆ ಕೊಡುವ ವ್ಯವಸ್ಥೆ) ನಿಂತ ಕಡತಗಳ ಬೆನ್ನು ಹತ್ತುವುದು, ವಿದ್ಯುತ್ ದರದ ವಿಚಾರಣೆಯಲ್ಲಿ ಸಣ್ಣ ಘಟಕಗಳ ಪರ ವಾದ ಮಂಡಿಸುವುದು, ಬಜೆಟ್‌ಗೆ ಮುಂಚೆ ಬೇಡಿಕೆ ಪಟ್ಟಿ ಕೊಡುವುದು ಇದರ ಕೆಲಸ. ಅಂದಾಜು ಖರ್ಚು ಹೀಗಿದೆ: ಒಬ್ಬ ಸಹಾಯಕರ ಸಂಬಳ 2,64,000, ಅರೆಕಾಲಿಕ ವಕೀಲರು ಮತ್ತು ಸಿಎ 1,80,000, ತಿಂಗಳಿಗೊಂದು ಶಿಬಿರದ ಲೆಕ್ಕದಲ್ಲಿ 1,44,000, ಕಂಪ್ಯೂಟರ್-ಪ್ರಿಂಟರ್-ಪೀಠೋಪಕರಣ 1,20,000, ಓಡಾಟ ಮತ್ತು ಮುದ್ರಣ 60,000. ಒಟ್ಟು 7,68,000.

ಇಂಥದ್ದಕ್ಕೆ ರಾಜ್ಯ ಸರ್ಕಾರ ಹಣ ಕೊಡುತ್ತದೆಯೇ? ಯಾರನ್ನು, ಯಾವ ತಿಂಗಳಲ್ಲಿ ಕೇಳಬೇಕು? ಹಣ ಪಡೆದ ಮೇಲೆ ಸರ್ಕಾರದ ವಿರುದ್ಧವೇ ವಾದ ಮಾಡಲು ಅಡ್ಡಿ ಬರುತ್ತದೆಯೇ?

ಕಡತ_ಚಲನೆ

ಈ 7.68 ಲಕ್ಷವನ್ನು ಒಂದೇ ಅರ್ಜಿಯಲ್ಲಿ ಕೇಳಬೇಡಿ. 'ಸಂಘದ ಚಟುವಟಿಕೆಗೆ ಅನುದಾನ' ಎಂಬ ವಿಷಯ ಹೊತ್ತ ಪತ್ರ ಬಂದರೆ ಡಿಐಸಿಯ ವಿಷಯ ನಿರ್ವಾಹಕರು ಮೊದಲು ಹುಡುಕುವುದು 'ಯಾವ ಕಾರ್ಯಕ್ರಮದಡಿ?' ಎಂಬುದನ್ನು. ಉತ್ತರ ಸಿಗದಿದ್ದರೆ 'ಅವಕಾಶವಿರುವುದಿಲ್ಲ' ಎಂಬ ಹಿಂಬರಹ ಬರುತ್ತದೆ, ಅಲ್ಲಿಗೆ ಕಡತ ಮುಗಿಯಿತು. ಸರ್ಕಾರ ಹಣ ಕೊಡುವುದು ಎಣಿಸಬಹುದಾದ ಕೆಲಸಕ್ಕೆ: ಇಷ್ಟು ಶಿಬಿರ, ಇಷ್ಟು ಜನರಿಗೆ ತರಬೇತಿ, ಇಷ್ಟು ಅರ್ಜಿ. ಸಂಘದ ದನಿಗೆ ದುಡ್ಡು ಕೇಳುವುದಲ್ಲ, ಸೇವೆಗೆ ಕೇಳುವುದು. ನಿಮ್ಮ ನಾಲ್ಕು ಕೆಲಸಗಳಲ್ಲಿ ಮೊದಲ ಎರಡು ಸೇವೆಯಾಗಿ ನಿಲ್ಲುತ್ತವೆ. ಕೊನೆಯ ಎರಡು ನಿಲ್ಲುವುದಿಲ್ಲ, ಅವನ್ನು ಚಂದಾ ಹಣದಲ್ಲೇ ಮಾಡಿ.

ಎಲ್ಲಿ ಕೇಳಬೇಕು ಎನ್ನುವುದಕ್ಕೆ ಬರುತ್ತೇನೆ. ಮೊದಲನೆಯದು ರ‍್ಯಾಂಪ್. ಸಣ್ಣ ಉದ್ದಿಮೆಗಳ ಸಾಮರ್ಥ್ಯ ಹೆಚ್ಚಿಸಲು ವಿಶ್ವಬ್ಯಾಂಕ್ ನೆರವಿನಲ್ಲಿ ನಡೆಯುವ ಈ ಕೇಂದ್ರ ಯೋಜನೆಯ ಒಟ್ಟು ಗಾತ್ರ 6,062.45 ಕೋಟಿ ರೂಪಾಯಿ. ಅದರಲ್ಲಿ 3,750 ಕೋಟಿ ವಿಶ್ವಬ್ಯಾಂಕ್ ಸಾಲ, ಅವಧಿ 2022-23ರಿಂದ 2026-27. ಹಣ ಬಳಕೆಯಾಗುವುದು ರಾಜ್ಯವೇ ಬರೆದುಕೊಟ್ಟ ಹೂಡಿಕೆ ಯೋಜನೆಯ ಮೂಲಕ. ಸಣ್ಣ ಘಟಕಗಳಿಗೆ ಆಗುವ ತಡ ಪಾವತಿಯನ್ನು ತಗ್ಗಿಸುವುದು ರ‍್ಯಾಂಪ್‌ನ ಘೋಷಿತ ಗುರಿಗಳಲ್ಲಿ ಒಂದು, ಹಾಗಾಗಿ ನಿಮ್ಮ ಮೊದಲ ಕೆಲಸ ಅದಕ್ಕೆ ನೇರವಾಗಿ ಹೊಂದುತ್ತದೆ. ಅವಧಿ ಮುಗಿಯುತ್ತ ಬಂದಿರುವುದರಿಂದ ಮೂರು ವರ್ಷದ ಯೋಜನೆ ಬರೆದುಕೊಂಡು ಹೋಗಬೇಡಿ. ಉಳಿದ ತಿಂಗಳಲ್ಲಿ ಮಾಡಿ ಮುಗಿಸಬಹುದಾದ ಶಿಬಿರಗಳ ಪಟ್ಟಿ ಕೊಡಿ.

ಎರಡನೆಯದು ಇಲಾಖೆಯ ಸ್ವಂತ ಬಜೆಟ್. ಗ್ರಾಮೀಣ ಮತ್ತು ಸಣ್ಣ ಕೈಗಾರಿಕೆಗಳ ಲೆಕ್ಕಶೀರ್ಷಿಕೆ 2851. ಅದರಡಿ ಪ್ರಚಾರ, ತರಬೇತಿ, ವಿಚಾರಸಂಕಿರಣದಂಥ ಬಾಬುಗಳಲ್ಲಿ ಡಿಐಸಿಯೇ ಕಾರ್ಯಕ್ರಮ ನಡೆಸಿ, ಸಂಘವನ್ನು ಸಹಭಾಗಿಯಾಗಿ ಸೇರಿಸಿಕೊಳ್ಳಬಹುದು. ಇಲ್ಲಿ ಹಣ ನಿಮ್ಮ ಖಾತೆಗೆ ಬರುವುದಿಲ್ಲ, ಊಟ, ಸಭಾಂಗಣ, ಸಂಪನ್ಮೂಲ ವ್ಯಕ್ತಿಯ ಗೌರವಧನವನ್ನು ಅವರೇ ಪಾವತಿಸುತ್ತಾರೆ. ಖಾತೆಗೆ ಬರಲಿಲ್ಲವೆಂದು ಬೇಸರ ಬೇಡ. ನಿಮ್ಮ 1,44,000ದಲ್ಲಿ ಅರ್ಧ ಹೀಗೆ ಇಳಿದರೂ ಅದು ಉಳಿತಾಯವೇ, ಜತೆಗೆ ಲೆಕ್ಕ ಒಪ್ಪಿಸುವ ತಲೆನೋವೂ ನಿಮಗಿಲ್ಲ. ರಫ್ತು ವಿಷಯದ ಶಿಬಿರವಾದರೆ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರವನ್ನು ಕೇಳಿ.

ಮೂರನೆಯದು ಕ್ಲಸ್ಟರ್ ಯೋಜನೆ, ಅಂದರೆ ಒಂದೇ ಕಡೆ ಇರುವ ಘಟಕಗಳ ಗುಂಪಿಗೆ ಕೊಡುವ ನೆರವು. ಇದರಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರದ ಪಾಲು ದೊಡ್ಡದು, ರಾಜ್ಯದ ಪಾಲೂ ಇದೆ. ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಇಂಥ ಸರ್ಕಾರಿ ನೆರವಿನಲ್ಲಿ ಎದ್ದ ಹಳೆಯ ಉದಾಹರಣೆ (ಯೋಜನೆ ಬೇರೆ, ಕ್ರಮ ಒಂದೇ). ಆದರೆ ಇದು ಯಂತ್ರ, ಕಟ್ಟಡ, ಪರೀಕ್ಷಾಲಯಕ್ಕೆ. ನಿಮ್ಮ ಸಹಾಯಕರ ಸಂಬಳಕ್ಕಾಗಿ ಕ್ಲಸ್ಟರ್ ಕಟ್ಟಲು ಹೊರಡಬೇಡಿ. ಶಾಸಕರ, ಸಂಸದರ ನಿಧಿಯೂ ಸಂಬಳಕ್ಕೆ ಬಾರದು.

ಕಾಲ: ಇಲಾಖೆಗಳು ಮುಂದಿನ ವರ್ಷದ ಅಂದಾಜು ಬರೆಯುವುದು ಮಳೆಗಾಲ ಮುಗಿದ ಮೇಲೆ. ನಿಮ್ಮ ಪ್ರಸ್ತಾವ ಸೆಪ್ಟೆಂಬರ್ ಒಳಗೆ ಡಿಐಸಿ ಜಂಟಿ ನಿರ್ದೇಶಕರ ಮೇಜಿನ ಮೇಲಿರಲಿ, ಪ್ರತಿಯೊಂದು ಬೆಂಗಳೂರಿನ ನಿರ್ದೇಶನಾಲಯಕ್ಕೆ ಹೋಗಲಿ. ಜನವರಿಯಲ್ಲಿ ಕೊಟ್ಟರೆ ಮುಂದಿನ ಬಜೆಟ್‌ಗೂ ಸಿಗದು, ಈ ವರ್ಷದ ಹಣವೂ ಹಂಚಿಹೋಗಿರುತ್ತದೆ. ಕೊನೆಯ ತ್ರೈಮಾಸಿಕದಲ್ಲಿ ಹಣ ಬಿಡುಗಡೆಯಾದರೆ ಇನ್ನೊಂದು ಅಪಾಯವಿದೆ: ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸು ಹೋಗುತ್ತದೆ. ಆ ಗಡಿಬಿಡಿಯಲ್ಲಿ ಮಾಡಿದ ಖರೀದಿಗಳೇ ಮುಂದೆ ಆಡಿಟ್ ಆಕ್ಷೇಪಣೆಯಾಗುವುದು.

ಪ್ರಸ್ತಾವದ ಜತೆ ಇರಬೇಕಾದವು: ನೋಂದಣಿ ಪತ್ರ ಮತ್ತು ಬೈಲಾ, ಈಗಿನ ಆಡಳಿತ ಮಂಡಳಿ ಪಟ್ಟಿ, ಮೂರು ವರ್ಷದ ಆಡಿಟ್ ವರದಿ, ಪ್ಯಾನ್, ಯೋಜನೆಗೆಂದೇ ತೆರೆದ ಪ್ರತ್ಯೇಕ ಬ್ಯಾಂಕ್ ಖಾತೆ, ಸಹಿ ಮಾಡುವವರಿಗೆ ಅಧಿಕಾರ ಕೊಟ್ಟ ಸಭೆಯ ನಡಾವಳಿ, ಸದಸ್ಯ ಘಟಕಗಳ ಉದ್ಯಮ್ ಸಂಖ್ಯೆ (ಸಣ್ಣ ಉದ್ದಿಮೆಯೆಂದು ಕೇಂದ್ರದ ಪೋರ್ಟಲ್‌ನಲ್ಲಿ ಪಡೆದ ನೋಂದಣಿ ಸಂಖ್ಯೆ) ಇರುವ ಪಟ್ಟಿ. ರಾಜ್ಯದ ಹಣ ಖಜಾನೆ-2ರಿಂದ (ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆ) ಬರುವುದರಿಂದ ಸಂಘಕ್ಕೆ ಅಲ್ಲಿ ಸ್ವೀಕೃತಿದಾರರ ಐಡಿ ಮಾಡಿಸಬೇಕು. ಕೇಂದ್ರದ ಹಣವಾದರೆ ಎನ್‌ಜಿಒ ದರ್ಪಣ್ ಐಡಿಯನ್ನೂ (ಸ್ವಯಂಸೇವಾ ಸಂಸ್ಥೆಗಳ ಕೇಂದ್ರ ಪೋರ್ಟಲ್‌ನ ನೋಂದಣಿ) ಕೇಳುತ್ತಾರೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿರುವ ಹೆಸರಿಗೂ ನೋಂದಣಿ ಪತ್ರದ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಬಿಲ್ ತಿರಸ್ಕಾರವಾಗುತ್ತದೆ. 'ಸ್ಮಾಲ್ ಸ್ಕೇಲ್' ಅನ್ನು ಒಂದು ಕಡೆ ಪೂರ್ತಿ ಬರೆದು ಇನ್ನೊಂದು ಕಡೆ 'ಎಸ್‌ಎಸ್' ಎಂದು ಮಾಡಿಸಿರುವ ಸಂಘಗಳು ಇದನ್ನು ಮೊದಲು ಸರಿಪಡಿಸಿಕೊಳ್ಳಲಿ.

ಎಲ್ಲಕ್ಕಿಂತ ಹೆಚ್ಚು ಕಡತಗಳು ಬೀಳುವುದು 1960ರ ಕಾಯ್ದೆಯ ಸೆಕ್ಷನ್ 13ರಲ್ಲಿ. ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟೋ ಸಂಘಗಳು ನಾಲ್ಕೈದು ವರ್ಷ ಸಲ್ಲಿಸಿರುವುದಿಲ್ಲ. ಆಗ ಹಳೆಯ ಅಧ್ಯಕ್ಷರ ಹೆಸರೇ ದಾಖಲೆಯಲ್ಲಿ ಉಳಿದು, ಈಗಿನವರ ಸಹಿಗೆ ಬೆಲೆಯಿಲ್ಲದಂತಾಗುತ್ತದೆ. ದಂಡ ಕಟ್ಟಿ ನವೀಕರಿಸಿಕೊಂಡ ಮೇಲೇ ಅರ್ಜಿ ಬರೆಯಿರಿ.

ಮಾಸಿಕ_ಚಕ್ರಬಡ್ಡಿ

ಮೇಲಿನವರು ಹೇಳಿದಂತೆ ಬಾಕಿ ವಸೂಲಿಯನ್ನೇ ಮುಂದಿಟ್ಟುಕೊಂಡು ಹೋಗಿ. ಕಾನೂನೇ ರಾಜ್ಯ ಸರ್ಕಾರದ ಮೇಲೆ ಹೊರೆ ಹಾಕಿರುವ ಜಾಗ ಇದು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ ಸೆಕ್ಷನ್ 20ರ ಪ್ರಕಾರ ಸೌಲಭ್ಯ ಮಂಡಳಿ (ಬಾಕಿ ಪಾವತಿಯ ವಿವಾದ ಬಗೆಹರಿಸುವ ಮಂಡಳಿ) ರಚಿಸುವುದು ರಾಜ್ಯದ ಕೆಲಸ, ಅದು ನಡೆಯುವುದು ರಾಜ್ಯದ ವ್ಯವಸ್ಥೆಯಲ್ಲೇ. ಸೆಕ್ಷನ್ 21ರಂತೆ 3ರಿಂದ 5 ಸದಸ್ಯರ ಆ ಮಂಡಳಿಯಲ್ಲಿ ಸಣ್ಣ ಉದ್ದಿಮೆಗಳ ಸಂಘಗಳ ಪ್ರತಿನಿಧಿಗೂ ಜಾಗವಿದೆ. ನಿಮ್ಮಂಥ ವಸಾಹತು ಸಂಘಕ್ಕೆ ಆ ಕುರ್ಚಿ ಸಿಗುವುದು ಕಷ್ಟ. ಆದರೆ 1949ರಿಂದ ಇರುವ ಕಾಸಿಯಾದಂಥ (ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ) ರಾಜ್ಯ ಸಂಘಕ್ಕೆ ಸಂಯೋಜಿತರಾಗಿದ್ದರೆ ನಿಮ್ಮ ಮಾತು ಅಲ್ಲಿಗೆ ತಲುಪುವ ದಾರಿ ಇರುತ್ತದೆ.

ಸಹಾಯ ಕೇಂದ್ರದವರಿಗೆ ಈ ಕಾಯ್ದೆ ಬಾಯಿಪಾಠವಾಗಿರಬೇಕು. ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಪಾವತಿ, ಹೇಗೇ ಬರೆದುಕೊಂಡಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಸರಕು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಲ್ಲಿ ಬಹಳ ಜನ ರೆಪೊ ದರವನ್ನೋ ತಮ್ಮ ಓವರ್‌ಡ್ರಾಫ್ಟ್ ಸಾಲದ ದರವನ್ನೋ ಹಾಕಿಬಿಡುತ್ತಾರೆ. ಹಾಕಬೇಕಾದ್ದು ಬ್ಯಾಂಕ್ ದರ. ಅದು ಶೇ 5.75 ಇದ್ದ ಅವಧಿಗೆ ವಾರ್ಷಿಕ ಶೇ 17.25 ಬರುತ್ತದೆ, ಅಂದರೆ ತಿಂಗಳಿಗೆ ಶೇ 1.4375. 4 ಲಕ್ಷದ ಬಿಲ್ 10 ತಿಂಗಳು ತಡವಾದರೆ ಚಕ್ರಬಡ್ಡಿಯಲ್ಲಿ ಸುಮಾರು 61,400 ರೂಪಾಯಿ. ಸರಳ ಬಡ್ಡಿಯಲ್ಲಿ ಕೇಳಿದರೆ 57,500 ಮಾತ್ರ. ದರ ಮಧ್ಯೆ ಬದಲಾಗಿದ್ದರೆ ಅವಧಿವಾರು ಒಡೆದು ಲೆಕ್ಕ ಹಾಕಿದ ತಖ್ತೆ ಲಗತ್ತಿಸಿ. ತಖ್ತೆ ಇಲ್ಲದ ಅರ್ಜಿಗೆ 'ಸ್ಪಷ್ಟೀಕರಣ ಕೋರಿ' ಪತ್ರ ಬರುವುದರಲ್ಲೇ ಸಮಯ ಹಾಳಾಗುತ್ತದೆ.

ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. ಬಾಕಿ ದೂರುಗಳಿಗೆಂದೇ ಇರುವ ಸಮಾಧಾನ್ ಪೋರ್ಟಲ್ 2017ರ ಅಕ್ಟೋಬರ್‌ನಲ್ಲಿ ಬಂತು, 2025ರ ಜೂನ್‌ನಲ್ಲಿ ಆನ್‌ಲೈನ್ ವಿವಾದ ಪರಿಹಾರದ ಪೋರ್ಟಲ್ ಸೇರಿತು. ಖರೀದಿದಾರ ಮುಂಬಯಿಯವನಾದರೂ ಚೆನ್ನೈಯವನಾದರೂ ಚಿಂತೆಯಿಲ್ಲ, ಮಾರಿದವನ ಘಟಕ ಇರುವ ಕಡೆಯ ಮಂಡಳಿಗೇ ಅಧಿಕಾರವಿದೆ. ಬೇಕಾದ ಕಾಗದ: ಉದ್ಯಮ್ ಪ್ರಮಾಣಪತ್ರ, ಖರೀದಿ ಆದೇಶ, ಇನ್‌ವಾಯ್ಸ್, ಡೆಲಿವರಿ ಚಲನ್ ಅಥವಾ ಇ-ವೇ ಬಿಲ್, ಸರಕು ಮುಟ್ಟಿದ್ದಕ್ಕೆ ಸೀಲು-ಸಹಿ, ಖರೀದಿದಾರನ ಲೆಡ್ಜರ್.

ಎಲ್ಲಿ ಸೋಲುತ್ತಾರೆ? ಮೊದಲನೆಯದು, ಸರಕು ಕೊಟ್ಟ ಮೇಲೆ ಉದ್ಯಮ್ ನೋಂದಣಿ ಮಾಡಿಸಿಕೊಂಡವರು. ನೋಂದಣಿಗೆ ಮುಂಚಿನ ಪೂರೈಕೆಗೆ ಈ ಕಾಯ್ದೆಯ ರಕ್ಷಣೆ ಸಿಗದೆಂದು ಸುಪ್ರೀಂ ಕೋರ್ಟ್ 2021 ಮತ್ತು 2022ರ ತೀರ್ಪುಗಳಲ್ಲಿ ಹೇಳಿತ್ತು. 2025ರಲ್ಲಿ ಈ ವಿಷಯ ವಿಸ್ತೃತ ಪೀಠಕ್ಕೆ ಹೋಗಿದೆ, ಆದರೂ ಅದನ್ನು ನಂಬಿ ಕೂರಬೇಡಿ. 62 ಘಟಕಗಳ ಉದ್ಯಮ್ ಸ್ಥಿತಿ ಪರಿಶೀಲಿಸುವುದೇ ನಿಮ್ಮ ಮೊದಲ ಶಿಬಿರವಾಗಲಿ. ಎರಡನೆಯದು, ವ್ಯಾಪಾರಿ ಎಂದು ನೋಂದಾಯಿಸಿಕೊಂಡವರು. 2021ರ ಜುಲೈನಿಂದ ಚಿಲ್ಲರೆ, ಸಗಟು ವ್ಯಾಪಾರಿಗಳಿಗೂ ಉದ್ಯಮ್ ಸಿಗುತ್ತದೆ, ಆದರೆ ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ. ನಿಮ್ಮ ಮಸಾಲೆ ಘಟಕದವರು ತಯಾರಿಕೆಯ ಬದಲು ವ್ಯಾಪಾರದ ಸಂಕೇತ ಹಾಕಿಕೊಂಡಿದ್ದರೆ ತಕ್ಷಣ ತಿದ್ದಿಸಿ. ಮೂರನೆಯದು ಕಾಲಮಿತಿ. ಸಂಧಾನದ ಹಂತಕ್ಕೆ ಹಳೆಯ ಬಾಕಿಯನ್ನೂ ಒಯ್ಯಬಹುದು, ಮಧ್ಯಸ್ಥಿಕೆಯ ಹಂತಕ್ಕೆ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮೂರು ವರ್ಷ ತುಂಬುವ ಬಿಲ್‌ಗಳನ್ನು ಬೇರೆ ಪಟ್ಟಿ ಮಾಡಿ ಮೊದಲು ಹಾಕಿಸಿ.

ಗೆದ್ದ ಮೇಲೆ ಖರೀದಿದಾರ ಕೋರ್ಟಿಗೆ ಹೋಗಬೇಕಾದರೆ ತೀರ್ಪಿನ ಮೊತ್ತದ ಶೇ 75ರಷ್ಟು ಠೇವಣಿ ಇಡಲೇಬೇಕು. ಅರ್ಜಿ ಹಾಕುವ ಮುಂಚೆಯೇ ಇದನ್ನು ಖರೀದಿದಾರನ ಲೆಕ್ಕ ವಿಭಾಗಕ್ಕೆ ಪತ್ರದಲ್ಲಿ ತಿಳಿಸಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಆಗಿದ್ದ ನಿಯಮದ ಮಾತನ್ನೂ ಸೇರಿಸಿ: ಸೂಕ್ಷ್ಮ, ಸಣ್ಣ ಘಟಕದ ಬಿಲ್ ಕಾಲಮಿತಿಯೊಳಗೆ ಪಾವತಿಸದಿದ್ದರೆ ಆ ವೆಚ್ಚ ಪಾವತಿಸಿದ ವರ್ಷದಲ್ಲಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಸಂಘದ ಲೆಟರ್‌ಹೆಡ್‌ನಲ್ಲಿ ಹೋದ ಇಂಥ ಒಂದು ಪತ್ರಕ್ಕೆ, ಗ್ರಾಹಕನನ್ನು ಕಳೆದುಕೊಳ್ಳುವ ಭಯದಲ್ಲಿರುವ ಒಂಟಿ ಮಾಲೀಕನ ಹತ್ತು ಫೋನ್ ಕರೆಗಿಲ್ಲದ ತೂಕವಿದೆ. ಇದಕ್ಕಾಗಿಯೇ ಸಂಘಗಳು ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಜಮಾಖರ್ಚು_ಪುಸ್ತಕ

ಹಣ ಬಂದ ಮೇಲಿನ ಲೆಕ್ಕದ ಬಗ್ಗೆ ಬರೆಯುತ್ತೇನೆ, ಸಂಘಗಳು ಎಡವುವುದು ಇಲ್ಲೇ.

ಆದೇಶದಲ್ಲಿ 'ಸಹಾಯಾನುದಾನ' ಎಂದಿದೆಯೋ 'ಕಾರ್ಯಾದೇಶ' ಎಂದಿದೆಯೋ ಮೊದಲು ನೋಡಿ. ಜಿಎಸ್‌ಟಿ ಕಾಯ್ದೆಯಲ್ಲಿ 'ಪ್ರತಿಫಲ'ದ ವ್ಯಾಖ್ಯೆಯಿಂದ ಸರ್ಕಾರದ ಸಬ್ಸಿಡಿಯನ್ನು ಹೊರಗಿಟ್ಟಿದ್ದಾರೆ. ಆದರೆ ಇಲಾಖೆ ನಿಮ್ಮನ್ನು ಏಜೆನ್ಸಿಯಾಗಿ ನೇಮಿಸಿ, ಶಿಬಿರಕ್ಕಿಷ್ಟು ಎಂದು ದರ ಕೊಟ್ಟರೆ ಅದು ಸೇವೆಯ ಮಾರಾಟ, ಶೇ 18 ತೆರಿಗೆಯ ಪ್ರಶ್ನೆ ಏಳುತ್ತದೆ. ಸೇವೆಗಳ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ನಿಮ್ಮ ಗಾತ್ರಕ್ಕೆ ಸದ್ಯ ಚಿಂತೆಯಿಲ್ಲ, ಆದರೂ ಪ್ರಸ್ತಾವದಲ್ಲೇ 'ಸಹಾಯಾನುದಾನ' ಎಂದು ಬರೆಯಿರಿ.

ಅನುದಾನದ ಹಣ ಸಂಘದ ಉಳಿತಾಯ ಖಾತೆಗೆ ಬೆರೆಯಬಾರದು. ಆ ಖಾತೆಗೆ ಬಂದ ಬಡ್ಡಿಯೂ ನಿಮ್ಮದಲ್ಲ. ಕೇಂದ್ರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಬಡ್ಡಿಯನ್ನು ವಾಪಸು ಕಟ್ಟಬೇಕು, ಹಣ ಬಳಕೆ ಪ್ರಮಾಣಪತ್ರವನ್ನು ನಮೂನೆ 12-ಎ ನಲ್ಲಿ ಕೊಡಬೇಕು. ರಾಜ್ಯದ ಹಣಕ್ಕೆ ಮಂಜೂರಾತಿ ಆದೇಶದ ಷರತ್ತುಗಳೇ ಪ್ರಮಾಣ. ಮೊದಲ ಕಂತಿನ ಯುಸಿ (ಹಣ ಬಳಕೆ ಪ್ರಮಾಣಪತ್ರ) ಹೋಗದೆ ಎರಡನೇ ಕಂತು ಬಾರದು. ಕಂಪ್ಯೂಟರ್, ಪ್ರಿಂಟರ್‌ಗೆ ಮೂರು ಕೊಟೇಶನ್, ದಾಸ್ತಾನು ವಹಿಯಲ್ಲಿ ನಮೂದು, ವಸ್ತುವಿನ ಮೇಲೆ ಅನುದಾನದ ವರ್ಷ ಬರೆದ ಚೀಟಿ ಇರಲಿ. ಶಿಬಿರಕ್ಕೆ ಹಾಜರಾತಿ ಪಟ್ಟಿ ಹೆಸರು, ಉದ್ಯಮ್ ಸಂಖ್ಯೆ, ಸಹಿ ಸಮೇತ ಇರಲಿ. ಫೋಟೊ ಇದೆ, ಸಹಿ ಪಟ್ಟಿ ಇಲ್ಲ ಎಂದರೆ ಆಡಿಟ್‌ನವರು ಒಪ್ಪುವುದಿಲ್ಲ.

ಎರಡು ಮಿತಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಒಂದು ವರ್ಷದಲ್ಲಿ ಸರ್ಕಾರದ ಹಣ 25 ಲಕ್ಷಕ್ಕೆ ಕಡಿಮೆಯಿಲ್ಲದೆ, ಜತೆಗೆ ಸಂಘದ ಒಟ್ಟು ಖರ್ಚಿನ ಶೇ 75ಕ್ಕೂ ಕಡಿಮೆಯಿಲ್ಲದಿದ್ದರೆ 1971ರ ಸಿಎಜಿ ಕಾಯ್ದೆಯ ಸೆಕ್ಷನ್ 14ರಡಿ ಮಹಾಲೇಖಪಾಲರ ಲೆಕ್ಕಪರಿಶೋಧನೆಗೆ ಬರುತ್ತೀರಿ. ಇನ್ನೊಂದು ಮಾಹಿತಿ ಹಕ್ಕು. ಸರ್ಕಾರದಿಂದ ಗಣನೀಯ ಹಣ ಪಡೆವ ಸಂಸ್ಥೆ ಸಾರ್ವಜನಿಕ ಪ್ರಾಧಿಕಾರವಾಗುತ್ತದೆ. ಇಲ್ಲಿ ನಿಗದಿತ ಶೇಕಡಾವಾರು ಇಲ್ಲ, ಆಯಾ ಸಂದರ್ಭ ನೋಡಿ ನಿರ್ಧಾರವಾಗುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ 7.68 ಲಕ್ಷವೂ ಸರ್ಕಾರದ್ದೇ ಆದರೆ, 1.48 ಲಕ್ಷ ಚಂದಾ ಇರುವ ಸಂಘ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಸದಸ್ಯರ ಬಾಕಿ ವಿವಾದದ ಕಡತಗಳು ನಿಮ್ಮ ಬಳಿ ಇರುತ್ತವೆ ಎಂಬುದನ್ನು ಮರೆಯಬೇಡಿ.

ಎಲ್‌ಟಿ5_ಗ್ರಾಹಕ

ವಿದ್ಯುತ್ ವಿಚಾರಣೆಗೆ ದೊಡ್ಡ ಖರ್ಚೇನೂ ಬೇಕಾಗಿಲ್ಲ, ಅದನ್ನು ಚಂದಾ ಹಣದಲ್ಲಿ ಖಂಡಿತ ಮಾಡಬಹುದು. ಎಸ್ಕಾಂಗಳು (ವಿದ್ಯುತ್ ವಿತರಣಾ ಕಂಪನಿಗಳು) ಸಾಮಾನ್ಯವಾಗಿ ನವೆಂಬರ್ ಕೊನೆಗೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿಗೆ ಅರ್ಜಿ ಸಲ್ಲಿಸುತ್ತವೆ, ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ಗಡುವಿನೊಳಗೆ ಅಫಿಡವಿಟ್ ಸಮೇತ ಆಕ್ಷೇಪಣೆ ಸಲ್ಲಿಸಿ, 'ಖುದ್ದು ಅಹವಾಲು ಹೇಳಲು ಇಚ್ಛಿಸುತ್ತೇವೆ' ಎಂದು ಬರೆಯಬೇಕು. ಅಫಿಡವಿಟ್ ಇಲ್ಲದೆ ಬರೀ ಮನವಿ ಪತ್ರ ಕೊಟ್ಟರೆ ಅದಕ್ಕೆ ಆಕ್ಷೇಪಣೆಯ ಬೆಲೆ ಸಿಗುವುದಿಲ್ಲ.

'ದರ ಹೆಚ್ಚಿಸಬೇಡಿ, ಉದ್ದಿಮೆ ಮುಚ್ಚುತ್ತದೆ' ಎಂದರೆ ಆದೇಶದಲ್ಲಿ ಒಂದು ಸಾಲಿನ ಉತ್ತರ ಬರುತ್ತದೆ. ಎಸ್ಕಾಂ ತೋರಿಸಿದ ವಿತರಣಾ ನಷ್ಟದ ಅಂಕಿಗೂ ಆಯೋಗ ಹಿಂದಿನ ವರ್ಷ ಒಪ್ಪಿದ ಅಂಕಿಗೂ ಇರುವ ವ್ಯತ್ಯಾಸ, ನಿಮ್ಮ 62 ಮೀಟರ್‌ಗಳ ಹನ್ನೆರಡು ತಿಂಗಳ ಬಳಕೆ, ನಿಗದಿತ ಶುಲ್ಕ ಒಟ್ಟು ಬಿಲ್‌ನಲ್ಲಿ ಎಷ್ಟು ಪಾಲು, ವಿದ್ಯುತ್ ಹೋದ ಗಂಟೆಗಳ ದಾಖಲೆ ಕೊಟ್ಟರೆ ಅದಕ್ಕೆ ಅಂಕಿಯಲ್ಲೇ ಉತ್ತರಿಸಬೇಕಾಗುತ್ತದೆ. 2025ರ ಮಾರ್ಚ್ 27ರ ಆದೇಶ 2025-26ರಿಂದ ಮೂರು ವರ್ಷಕ್ಕೆ ಇರುವುದರಿಂದ ಈಗ ಬಿಲ್ ಒಟ್ಟುಗೂಡಿಸಿಟ್ಟರೆ ಮುಂದಿನ ಸುತ್ತಿಗೆ ಪೂರ್ಣ ದತ್ತಾಂಶ ಸಿದ್ಧವಿರುತ್ತದೆ. ನಡುವೆ ಬರುವ ಸರ್ಚಾರ್ಜ್ ಪ್ರಕಟಣೆಗಳ ಮೇಲೂ ಕಣ್ಣಿಡಿ: ಪಿಂಚಣಿ ಮತ್ತು ಗ್ರಾಚ್ಯುಟಿಯ ಹೆಸರಲ್ಲಿ 2025-26ಕ್ಕೆ ಯೂನಿಟ್‌ಗೆ 36 ಪೈಸೆ ಸೇರಿತು.

ಇನ್ನೊಂದು ಮಾತು: 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 94ರಲ್ಲಿ ಗ್ರಾಹಕರ ಹಿತ ಪ್ರತಿನಿಧಿಸಲು ಸೂಕ್ತ ವ್ಯಕ್ತಿಯನ್ನು ಆಯೋಗವೇ ಅಧಿಕೃತಗೊಳಿಸಬಹುದು. ನಿಮ್ಮ ಆಕ್ಷೇಪಣೆಯಲ್ಲೇ ಸಣ್ಣ ಕೈಗಾರಿಕಾ ಗ್ರಾಹಕರಿಗೆ ಇಂಥ ಪ್ರತಿನಿಧಿ ಬೇಕೆಂದು ಕೇಳಿ. ಸಣ್ಣವರ ಪರ ಮಾತಾಡುವ ವ್ಯವಸ್ಥೆಗೆ ಕಾನೂನಿನಲ್ಲಿ ಇಷ್ಟು ನೇರ ಬಾಗಿಲು ಬೇರೆ ಕಡೆ ಕಡಿಮೆ.

ಶೆಡ್‌ನಂಬರ್14

ಎಲ್ಲರಿಗೂ ಧನ್ಯವಾದ. ಹಾಗಾದರೆ ಸಹಾಯಕರ ಸಂಬಳವನ್ನು ಅನುದಾನದಲ್ಲಿ ಕೇಳುವುದೋ ಬೇಡವೋ? ವಸೂಲಾದ ಹಣದಲ್ಲಿ ಶೇ 5 ಸಂಘಕ್ಕೆ ಎಂದು ಇಟ್ಟುಕೊಂಡರೆ ಹೇಗೆ?

ಕಡತ_ಚಲನೆ

ಸಂಬಳ ಕೇಳಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅನುದಾನ ಮುಂದುವರಿಯದ ವರ್ಷ ಆ ವ್ಯಕ್ತಿ ಹೋಗುತ್ತಾರೆ, ಅವರ ಜತೆ ಅರ್ಧಕ್ಕೆ ನಿಂತ ಪ್ರಕರಣಗಳ ಎಳೆಯೂ ಹೋಗುತ್ತದೆ. ಕಂಪ್ಯೂಟರ್ ಮತ್ತು ಶಿಬಿರ ಸೇರಿ 2,64,000 ಸರ್ಕಾರದಿಂದ ಕೇಳಿ. ಉಳಿದದ್ದು 5,04,000. ಅದನ್ನು 62 ಘಟಕಕ್ಕೆ ಹಂಚಿದರೆ ತಲಾ 8,129 ರೂಪಾಯಿ, ತಿಂಗಳಿಗೆ 677. ಇದು ಹೆಚ್ಚೆನಿಸಿದರೆ ಪಕ್ಕದ ವಸಾಹತಿನ ಸಂಘವನ್ನೂ ಸೇರಿಸಿಕೊಂಡು ಒಬ್ಬರೇ ಸಹಾಯಕರನ್ನು ಹಂಚಿಕೊಳ್ಳಿ.

ಜಮಾಖರ್ಚು_ಪುಸ್ತಕ

ಶೇ 5ರ ಲೆಕ್ಕ ಬೇಡ. ವಕೀಲರು ವಸೂಲಾದ ಮೊತ್ತದ ಮೇಲೆ ಪಾಲು ಪಡೆಯುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸುತ್ತದೆ. ಸಂಘ ಪಡೆದು ಅವರಿಗೆ ಕೊಟ್ಟರೂ ಅದೇ ತಕರಾರು. ಅರ್ಜಿಗಿಷ್ಟು ಎಂದು ನಿಗದಿತ ಶುಲ್ಕ ಇಡಿ, ಗೆದ್ದರೂ ಸೋತರೂ ಅಷ್ಟೇ. ಹೀಗೆ ಸದಸ್ಯರಿಗೆ ನಿರ್ದಿಷ್ಟ ಸೇವೆ ಕೊಟ್ಟು ಪಡೆದ ಶುಲ್ಕ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 28ರಲ್ಲೇ ವ್ಯವಹಾರದ ಆದಾಯವೆಂದು ಇತ್ತು, ಚಂದಾದಂತೆ ಅದನ್ನು ತೆರಿಗೆಯಿಂದ ಹೊರಗಿಡಲಾಗದು. ರಸೀದಿ ಪುಸ್ತಕವನ್ನು ಮೊದಲ ದಿನದಿಂದಲೇ ಬೇರೆ ಮಾಡಿ: ಚಂದಾಕ್ಕೊಂದು, ಸೇವಾ ಶುಲ್ಕಕ್ಕೊಂದು, ಅನುದಾನಕ್ಕೊಂದು.